ಶುಕ್ರವಾರದ ಅರ್ಧ ಗಂಟೆ

ಆರೋಗ್ಯ ವಿಮೆಯ ಕೌಂಟರಿನಲ್ಲಿ ಕೂರಲು ಬಂದಿದ್ದೀರಿ ಎಂದರೆ ನಿಮಗೆ ಕಂಪ್ಯೂಟರ್ ಬರುತ್ತದೆ, ಇಂಗ್ಲಿಷ್ ಬರುತ್ತದೆ, ತರಬೇತಿಯಲ್ಲಿ ಕೊಟ್ಟ ದಪ್ಪ ಪುಸ್ತಕವನ್ನೂ ಓದಿರುತ್ತೀರಿ. ಒಳ್ಳೆಯದು. ಆದರೆ ಆ ಪುಸ್ತಕದಲ್ಲಿ ಶುಕ್ರವಾರದ ಬಗ್ಗೆ ಒಂದು ಮಾತೂ ಇಲ್ಲ. ಮೂವತ್ತನಾಲ್ಕು ವರ್ಷ ಈ ಕೆಲಸ ಮಾಡಿದವಳು ನಾನು. ಮೊದಲು ಚಾಮರಾಜಪೇಟೆಯ ಶಾಖೆ, ಕೊನೆಯ ಎಂಟು ವರ್ಷ ಬಸವನಗುಡಿಯ ಸೇವಾ ಕೇಂದ್ರ. ನನ್ನ ಕೈಯಿಂದಾದ ದೊಡ್ಡ ತಪ್ಪು ಒಂದು ಶುಕ್ರವಾರವೇ ಆಯಿತು. ಅದನ್ನು ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಗೆ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ, ನನಗೂ ಬೇಡ.

ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡರವರೆಗೆ. ನಮ್ಮ ಬಾಗಿಲು ತೆರೆಯುವುದು ಹತ್ತಕ್ಕೆ. ವಿಮೆ ಮಾಡಿಸುವುದಕ್ಕೆ ನಮ್ಮ ಕಡೆಯ ಜನ ಮೊದಲೇ ಅಳುಕುತ್ತಾರೆ. ಆಸ್ಪತ್ರೆಯ ಖರ್ಚಿಗೆ ಈಗಲೇ ಏರ್ಪಾಡು ಮಾಡುವುದೆಂದರೆ ಕಾಯಿಲೆಯನ್ನು ಅರಿಶಿನ ಕುಂಕುಮ ಕೊಟ್ಟು ಮನೆಗೆ ಕರೆದಂತೆ ಎಂಬ ಭಯ. ಹಾಗಾಗಿ ದಿನ ಒಳ್ಳೆಯದಿರಬೇಕು, ಶುಕ್ರವಾರವೇ ಆಗಬೇಕು, ಆದರೆ ರಾಹುಕಾಲ ಶುರುವಾಗುವ ಮುಂಚೆ ಸಹಿ ಬಿದ್ದುಬಿಡಬೇಕು. ವಾರದಲ್ಲಿ ಬರುವ ಅರ್ಧ ಜನ ಆ ಅರ್ಧ ಗಂಟೆಯಲ್ಲಿ ಬಂದು ನನ್ನ ಮೇಜಿನ ಮೇಲೆ ಬೀಳುತ್ತಿದ್ದರು. ಹತ್ತೂವರೆ ದಾಟಿತೋ, ಕೌಂಟರ್ ಭಣಭಣ. ಹನ್ನೆರಡರವರೆಗೆ ನಾವು ಕಾಫಿ ಕುಡಿದು ಫೈಲು ಜೋಡಿಸಿಕೊಂಡು ಕೂತಿರುತ್ತಿದ್ದೆವು.

ನಾನು ಕೆಲಸಕ್ಕೆ ಸೇರಿದಾಗ ಚಾಮರಾಜಪೇಟೆಯ ಶಾಖೆಯಲ್ಲಿ ಹನುಮಂತೇಗೌಡರೆಂಬ ಅಧಿಕಾರಿ ಇದ್ದರು. ಮಾಗಡಿ ಕಡೆಯ ಒಕ್ಕಲು ಮನೆತನದವರು, ಗಟ್ಟಿ ದನಿ, ಮೂಗಿನ ತುದಿಯಲ್ಲಿ ಕೋಪ. ಈ ಅರ್ಧ ಗಂಟೆಯ ನೂಕುನುಗ್ಗಲಿಗೆ ಅವರೇ ಒಂದು ದಾರಿ ಕಂಡುಹಿಡಿದಿದ್ದರು. ಖಾಲಿ ಅರ್ಜಿಗೆ ಮೊದಲು ಸಹಿ ಹಾಕಿಸಿಕೊಳ್ಳುವುದು, ಜನರ ಮನಸ್ಸಿಗೆ ಸಮಾಧಾನ. ಆಮೇಲೆ ಅವರನ್ನು ಬೆಂಚಿನ ಮೇಲೆ ಕೂರಿಸಿ, ಒಬ್ಬೊಬ್ಬರನ್ನೇ ಕರೆದು, ವಿವರ ಕೇಳಿ ತುಂಬುವುದು. ಸಹಿಗೆ ಒಳ್ಳೆಯ ಗಳಿಗೆ, ಬರವಣಿಗೆಗೆ ನಮಗೆ ಬಿಡುವು. ನಿಯಮದ ಪ್ರಕಾರ ಇದು ತಪ್ಪು. ಆದರೆ ಗೌಡರು ಇದ್ದಷ್ಟು ದಿನ ಯಾರನ್ನೂ ಬೆಂಚಿನಿಂದ ಏಳಲು ಬಿಡದೆ ಎಲ್ಲ ಕಾಲಂ ತುಂಬಿಸಿಯೇ ಕಳಿಸುತ್ತಿದ್ದರು.

ಕೇಳುವುದನ್ನೂ ಅವರೇ ಕಲಿಸಿದರು. "ನಿಮಗೆ ಏನಾದ್ರೂ ಕಾಯಿಲೆ ಇದೆಯಾ?" ಎಂದು ಕೇಳಿದರೆ ಬೆಂಗಳೂರಿನಲ್ಲಿ ಯಾರಿಗೂ ಏನೂ ಇರುವುದಿಲ್ಲ. ಮಾರ್ಕೆಟ್ಟಿನಲ್ಲಿ ಹೂವಿನ ಮಂಡಿ ಇಟ್ಟುಕೊಂಡಿದ್ದ ಒಬ್ಬರು ನನ್ನೆದುರು ಕೂತು ಏನೂ ಇಲ್ಲ, ಏನೂ ಇಲ್ಲ ಎಂದು ಸಾಲಾಗಿ ಹೇಳಿದರು. ಅವರ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿತ್ತು, ಎದೆಯ ನಡುವೆ ಗೇಣುದ್ದದ ಹೊಲಿಗೆ ಗುರುತು. "ಇದೇನು ಸ್ವಾಮಿ?" ಎಂದೆ. "ಅದಾ? ಅದು ಹಳೇದಮ್ಮ, ವಾಸಿಯಾಗೋಯ್ತಲ್ಲ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರ ಲೆಕ್ಕದಲ್ಲಿ ವಾಸಿಯಾದದ್ದು ಕಾಯಿಲೆ ಅಲ್ಲ. ಗೌಡರು ಪಕ್ಕದ ಮೇಜಿನಿಂದಲೇ ನನ್ನನ್ನು ಗದರಿಸಿದರು. "ರತ್ನಾ, ಕಾಯಿಲೆ ಇದೆಯಾ ಅಂತ ಕೇಳ್ಬೇಡ. ಬೆಳಿಗ್ಗೆ ಎದ್ದು ಏನು ನುಂಗ್ತೀರಾ ಅಂತ ಕೇಳು." ಅವತ್ತಿನಿಂದ ಹಾಗೆಯೇ ಕೇಳಿದೆ. ನೀವೂ ಹಾಗೆಯೇ ಕೇಳಿ.

ಇನ್ನೊಂದು ಅಭ್ಯಾಸವೂ ಗೌಡರದೇ. ಗೋಡೆಗೆ ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರ್ ತೂಗುತ್ತಿತ್ತು, ಜನ ರಾಹುಕಾಲ ನೋಡುವುದಕ್ಕೆ. ಬೆಳಿಗ್ಗೆ ಹಿಂದಿನ ದಿನದ ಹಾಳೆ ಕಿತ್ತು, ಅದರ ಬೆನ್ನಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆವು: ಯಾರು ಏನು ಹೇಳಿದರು, ಯಾವ ಕಾಗದ ಬರಬೇಕು. ಬರೆದದ್ದನ್ನು ಮೇಜಿನ ಮೇಲಿನ ಕಬ್ಬಿಣದ ಸರಳಿಗೆ ಚುಚ್ಚುವುದು. ಸರಳು ತುಂಬಿದರೆ ದಾರ ಕಟ್ಟಿ ಡ್ರಾಯರಿಗೆ ಹಾಕುವುದು. "ಎಸೀಬೇಡ. ನಮ್ಮ ನೆನಪನ್ನ ಯಾರೂ ದಾಖಲೆ ಅಂತ ತಗೊಳಲ್ಲ" ಎನ್ನುತ್ತಿದ್ದರು. ಅವರು ನಿವೃತ್ತರಾಗಿ ಎಷ್ಟೋ ವರ್ಷವಾದರೂ ನಾನು ಆ ಚೀಟಿಗಳನ್ನು ಎಸೆಯಲಿಲ್ಲ.

ಆಮೇಲೆ ಕಾಗದದ ಅರ್ಜಿ ಹೋಯಿತು. ನನ್ನನ್ನು ಬಸವನಗುಡಿಯ ಸೇವಾ ಕೇಂದ್ರಕ್ಕೆ ಹಾಕಿದರು. ಅಲ್ಲಿ ಒಂದು ಸಾರ್ವಜನಿಕ ಪೋರ್ಟಲ್, ಎಲ್ಲ ಕಂಪನಿಗಳ ಪಾಲಿಸಿಯೂ ಒಂದೇ ಪರದೆಯ ಮೇಲೆ. ನಾವು ಅದನ್ನು ಸಂತೆ ಎಂದು ಕರೆಯುತ್ತಿದ್ದೆವು. ಬಂದವರು ನೋಡಿ, ಹೋಲಿಸಿ, ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು, ನಾವು ತಿಳಿಸಿ ಹೇಳಿ ಅರ್ಜಿ ತುಂಬಬೇಕು. ಸಹಿಯ ಜಾಗದಲ್ಲಿ ಒಟಿಪಿ ಬಂತು. ರಾಹುಕಾಲ ಮಾತ್ರ ಹಾಗೇ ಇತ್ತು. ಈಗ ಜನ ಹತ್ತೂವರೆಯೊಳಗೆ ಒಟಿಪಿ ಹೇಳಿಬಿಡಬೇಕು ಎಂದು ಹಟ ಹಿಡಿಯುತ್ತಿದ್ದರು. ಒಟಿಪಿ ಹಾಕಿದರೆ ಅರ್ಜಿ ಒಳಗೆ ಹೋಗುತ್ತದೆ, ಖಾಲಿ ಬಿಡಲು ಬರುವುದಿಲ್ಲ. ಕಾಯಿಲೆಯ ಪ್ರಶ್ನೆಗಳಿಗೆಲ್ಲ ಪೋರ್ಟಲ್ ಮೊದಲೇ 'ಇಲ್ಲ' ಎಂದು ಗುರುತು ಹಾಕಿಟ್ಟಿರುತ್ತಿತ್ತು, ಇದ್ದರೆ ನಾವು 'ಹೌದು' ಎಂದು ತಿದ್ದಬೇಕು. ಒಳಗೆ ಹೋದದ್ದನ್ನು ಅವತ್ತೇ ಸಂಜೆ ನಾಲ್ಕರವರೆಗೆ, ಅಂದರೆ ಮ್ಯಾನೇಜರ್ ಒಪ್ಪಿಗೆ ಒತ್ತುವವರೆಗೆ, ತಿದ್ದಲು ಅವಕಾಶವಿತ್ತು. ನಾನು ಗೌಡರ ಹಳೇ ಉಪಾಯವನ್ನೇ ಇಲ್ಲಿಗೂ ತಂದೆ. ಹತ್ತೂವರೆಯೊಳಗೆ ಒಟಿಪಿ, ನಾಲ್ಕರೊಳಗೆ ತಿದ್ದುಪಡಿ. ಬೆಂಚು ಮಾತ್ರ ತರಲಿಲ್ಲ. ಒಟಿಪಿ ಹೇಳಿದ ಜನ ಎದ್ದು ಹೋಗುತ್ತಿದ್ದರು, ನಾನು ಆಮೇಲೆ ಫೋನು ಮಾಡಿ ಕೇಳುತ್ತಿದ್ದೆ.

ಇದು ಸರಿಯಿಲ್ಲ ಎಂದು ನನಗೆ ಒಂದು ಸಲ ಬುದ್ಧಿ ಬರಬೇಕಿತ್ತು. ಮಲ್ಲೇಶ್ವರದಿಂದ ಒಬ್ಬ ನಿವೃತ್ತ ಪ್ರಿನ್ಸಿಪಾಲರು ಬಂದಿದ್ದರು. ಕೆಲವು ಆಪರೇಷನ್ನುಗಳಿಗೆ ಮೊದಲ ಎರಡು ವರ್ಷ ವಿಮೆ ಸಿಗುವುದಿಲ್ಲ, ಕಣ್ಣಿನ ಪೊರೆಯೂ ಅದರಲ್ಲಿದೆ ಎಂದು ನಾನು ಹತ್ತು ಇಪ್ಪತ್ತೈದಕ್ಕೆ ಅವರಿಗೆ ಹೇಳಿದೆ. ಅವರ ಕಣ್ಣು ಗಡಿಯಾರದ ಮೇಲಿತ್ತು. ಆರು ತಿಂಗಳಿಗೆ ಪೊರೆ ತೆಗೆಸಿಕೊಂಡು ಬಂದು, ನೀವು ಹೇಳಲೇ ಇಲ್ಲ ಎಂದು ಹತ್ತು ಜನರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನೂ ಬಿಡಲಿಲ್ಲ, ಹೇಳಿದ್ದೆ ಎಂದು ವಾದಿಸಿದೆ. ವಾದದಲ್ಲಿ ಗೆದ್ದೆ ಕೂಡ. ಅವತ್ತು ಸೋತಿದ್ದರೆ ಚೆನ್ನಾಗಿತ್ತೇನೋ.

ಶಿವಗಂಗಾ ಬಂದದ್ದು ಅದಾದ ಮರುವರ್ಷ. ಚಾಮರಾಜಪೇಟೆಯವರು, ಮೂವತ್ತೈದರ ಆಸುಪಾಸು. ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕಿ, ರವಿಕೆ ಹೊಲಿದು ತಮ್ಮದೇ ಒಂದಿಷ್ಟು ಸಂಪಾದನೆ ಇಟ್ಟುಕೊಂಡಿದ್ದರು. ಗಂಡ ಬಸವರಾಜು ಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಂಗಡಿಯವರು ಅವರೊಬ್ಬರಿಗೆ ಮಾತ್ರ ವಿಮೆ ಮಾಡಿಸಿದ್ದರು. ಹಾಗಾಗಿ ಈಕೆ ತನ್ನ ಹೆಸರಿನಲ್ಲೇ ಒಂದು ಮಾಡಿಸಲು ಬಂದಿದ್ದರು. ಜೊತೆಗೆ ಅತ್ತೆ ಪಾರ್ವತಮ್ಮ, ಹಣೆಗೆ ವಿಭೂತಿ, ಕೈಯಲ್ಲಿ ಬಟ್ಟೆಚೀಲ, ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ.

"ಬೇಗ ಮಾಡ್ಕೊಡಿ ಮೇಡಂ, ಹತ್ತೂವರೆ ಆಗ್ಬಿಡುತ್ತೆ" ಎಂದರು ಪಾರ್ವತಮ್ಮ.

ಶಿವಗಂಗಾ ಸಂತೆಯನ್ನು ಚೆನ್ನಾಗಿ ನೋಡಿದರು, ಅದನ್ನು ಹೇಳಲೇಬೇಕು. ಕಡಿಮೆ ಕಂತಿನದನ್ನು ಆರಿಸಲಿಲ್ಲ. ಯಾವ ಆಸ್ಪತ್ರೆಗೆ ನಡೆದು ಹೋಗಬಹುದು, ಎಷ್ಟು ವರ್ಷ ಕಾಯಬೇಕು ಎಂದು ಕೇಳಿ ಕೇಳಿ ನಮ್ಮ ಕಂಪನಿಯದನ್ನೇ ಆರಿಸಿದರು. ಆಗ ಹತ್ತು ಇಪ್ಪತ್ತೆರಡು. ಹಿಂದೆ ಒಂಬತ್ತು ಜನ ನಿಂತಿದ್ದರು.

"ಬೆಳಿಗ್ಗೆ ಎದ್ದು ಏನಾದ್ರೂ ಮಾತ್ರೆ ನುಂಗ್ತೀರಾ?" ಎಂದೆ.

ಆಕೆ ಅತ್ತೆಯ ಕಡೆ ಒಮ್ಮೆ ನೋಡಿದರು. "ಏನಿಲ್ಲ."

"ನಮ್ ಸೊಸೆ ಗುಂಡುಕಲ್ಲು ಇದ್ದಂಗಿದಾಳೆ. ನಂಗೇ ಇರೋದು ಮಂಡಿ ನೋವು" ಎಂದು ಪಾರ್ವತಮ್ಮ ನಕ್ಕರು. ಒಟಿಪಿ ಬಂತು. ಹತ್ತು ಇಪ್ಪತ್ತಾರಕ್ಕೆ ಅರ್ಜಿ ಒಳಗೆ ಹೋಯಿತು.

ಹನ್ನೆರಡೂ ಕಾಲರ ಸುಮಾರಿಗೆ ಶಿವಗಂಗಾ ಒಬ್ಬರೇ ವಾಪಸ್ ಬಂದರು, ಬಿಸಿಲಲ್ಲಿ ಬೆವೆತುಕೊಂಡು. ಕೊಡೆ ಮರೆತು ಹೋಗಿದ್ದರು. ಕೊಡೆ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅದಕ್ಕೆ ಕೈ ಹಾಕದೆ ಮೇಜಿನ ಹತ್ತಿರ ಬಗ್ಗಿದರು.

"ಮೇಡಂ, ಬೆಳಿಗ್ಗೆ ಅತ್ತೆ ಇದ್ರು. ನನಗೆ ಹದಿನಾರನೇ ವಯಸ್ಸಿಂದ ಫಿಟ್ಸ್ ಇದೆ. ಮಾತ್ರೆ ತಗೋತಿದೀನಿ, ಮದುವೆ ಆದ್ಮೇಲೆ ಒಂದ್ಸಲಾನೂ ಬಂದಿಲ್ಲ. ನಮ್ಮೆಜಮಾನ್ರಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಮಾತ್ರೇನ ಮೆಂತ್ಯದ ಡಬ್ಬೀಲಿ ಇಟ್ಟಿರ್ತೀನಿ. ನೀವು ಅರ್ಜೀಲಿ ಬರ್ಕೊಳಿ. ಆದ್ರೆ ಮನೆಗೆ ಫೋನ್ ಮಾಡಿ ಇದನ್ನ ಕೇಳ್ಬೇಡಿ."

ನಾನು ಗುರುವಾರದ ಹಾಳೆಯ ಬೆನ್ನಿನ ಮೇಲೆ ಬರೆದುಕೊಂಡೆ. ಶಿವಗಂಗಾ, ಫಿಟ್ಸ್, ಹದಿನಾರರಿಂದ, ಮಾತ್ರೆ ಇದೆ, 'ಹೌದು' ಹಾಕಬೇಕು. ಕೆಳಗೆ ಅರ್ಜಿಯ ನಂಬರ್. ಸರಳಿಗೆ ಚುಚ್ಚಿದೆ. "ಹಾಕ್ತೀನಿ, ಹೋಗಿ. ಕಂತು ಸ್ವಲ್ಪ ಜಾಸ್ತಿ ಆಗ್ಬಹುದು" ಎಂದೆ. ಆಗಲಿ ಎಂದು ತಲೆಯಾಡಿಸಿ, ಕೊಡೆ ಹಿಡಿದುಕೊಂಡು ಹೋದರು.

ಹನ್ನೆರಡೂವರೆಗೆ ಪೋರ್ಟಲ್ ಕೈಕೊಟ್ಟಿತು. ಮೂರೂವರೆಗೆ ಬಂತು. ನಮ್ಮ ಮ್ಯಾನೇಜರ್ ಪ್ರಸನ್ನ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಫೋನಿನ ಮೇಲೆ ಫೋನು ಮಾಡುತ್ತಿದ್ದರು. ನಾಲ್ಕಕ್ಕೆ ಒಪ್ಪಿಗೆ ಒತ್ತಲೇಬೇಕು, ಮೇಲಿನವರು ಕಾಯುತ್ತಿದ್ದಾರೆ ಎಂದು. ಎದುರಿಗೆ ನಿಂತು ಗಲಾಟೆ ಮಾಡುತ್ತಿದ್ದವರ ತಿದ್ದುಪಡಿಗಳನ್ನು ಮಾಡಿದೆ. ಸರಳಿನಲ್ಲಿದ್ದ ಚೀಟಿಗೆ ಬಾಯಿರಲಿಲ್ಲ. ನೆನಪಾಗಲಿಲ್ಲ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಸೋಮವಾರ ಬೇರೆ ಜನ, ಬೇರೆ ಹಾಳೆ. ಕಂತು ಜಾಸ್ತಿಯಾಗಿಲ್ಲ ಎಂದು ಶಿವಗಂಗಾ ಖುಷಿಪಟ್ಟಿರಬೇಕು. ಇಪ್ಪತ್ತೆರಡು ಪುಟದ ಇಂಗ್ಲಿಷ್ ಪಾಲಿಸಿ ಅವರ ಮನೆಗೆ ಹೋಯಿತು, ಬೀರುವಿನೊಳಗೆ ಸೇರಿತು.

ಎರಡು ವರ್ಷ ಏಳು ತಿಂಗಳು ಕಳೆಯಿತು. ಒಂದು ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಬಸವರಾಜು ಹೊರಗೆ ನಿಂತಿದ್ದರು. ನನಗೆ ಗುರುತು ಸಿಗಲಿಲ್ಲ. ಒಂದು ಕಾಗದ ನನ್ನ ಮುಂದಿಟ್ಟರು.

ಶಿವಗಂಗಾ ಅವರಿಗೆ ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಳಿಂದ ರಕ್ತ ಹೋಗಿ ಹೋಗಿ ಮೈಯಲ್ಲಿ ರಕ್ತವೇ ಇರಲಿಲ್ಲ. ಸೋಮವಾರ ಶೇಷಾದ್ರಿಪುರದ ಕಡೆ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ ರಕ್ತ ಕೊಡಿಸಿದ್ದರು. ಶುಕ್ರವಾರ ಆಪರೇಷನ್ ಆಗಲೇಬೇಕು, ಇನ್ನೊಂದು ಸಲ ರಕ್ತಸ್ರಾವವಾದರೆ ನಮ್ಮ ಕೈಲಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಡ್ಡೆಗೆ ಇದ್ದ ಎರಡು ವರ್ಷದ ಕಾಯುವ ಅವಧಿ ದಾಟಿತ್ತು, ವಿಮೆ ಸಿಗಲೇಬೇಕಿತ್ತು. ಆದರೆ ಆಪರೇಷನ್ನಿಗೆ ಮುಂಚೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದಾಗ ಶಿವಗಂಗಾ ಫಿಟ್ಸ್ ಮಾತ್ರೆಯ ಹೆಸರು ಹೇಳಿದ್ದರು. ಅದು ಕೇಸ್ ಶೀಟಿಗೆ ಹೋಯಿತು, ಕೇಸ್ ಶೀಟು ನಮ್ಮ ಕಂಪನಿಯ ಕ್ಲೇಮ್ ವಿಭಾಗಕ್ಕೆ ಹೋಯಿತು. ಅರ್ಜಿಯಲ್ಲಿ 'ಇಲ್ಲ' ಎಂದಿದೆ. ಮಂಗಳವಾರ ಉತ್ತರ ಬಂತು: ಅರ್ಜಿದಾರರು ಸುಳ್ಳು ಮಾಹಿತಿ ನೀಡಿ ಪಾಲಿಸಿ ಪಡೆದಿರುವುದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ.

"ಆಸ್ಪತ್ರೆ ಕೌಂಟರ್‌ನವ್ರು ಇದನ್ನ ಜೋರಾಗಿ ಓದ್ಬಿಟ್ರು ಮೇಡಂ, ನಮ್ಮಮ್ಮನ ಮುಂದೆ. ಅಮ್ಮ ಆವಾಗಿಂದ ಅವಳ ಹತ್ರ ಮಾತಾಡ್ತಿಲ್ಲ" ಎಂದರು ಬಸವರಾಜು. "ಸರ್ಕಾರಿ ಆಸ್ಪತ್ರೆಗೆ ಹೋಗೋಣ ಅಂದ್ರೆ ಈ ಸ್ಥಿತೀಲಿ ಅಲ್ಲಾಡಿಸ್ಬೇಡಿ ಅಂತಾರೆ. ಇಲ್ಲಿ ಇರೋಣ ಅಂದ್ರೆ ನಾಳೆ ಸಂಜೆಯೊಳಗೆ ಪೂರ್ತಿ ಕಟ್ಟಿ ಅಂತಾರೆ. ಅವಳು ನಿಮಗೆ ಹೇಳಿದ್ದೆ ಅಂತಾಳೆ. ಹೇಳಿದ್ಲಾ ಮೇಡಂ?"

ಮುಖ ನೆನಪಾಗಲಿಲ್ಲ, ಮೊದಲು ಕೊಡೆ ನೆನಪಾಯಿತು. "ನೋಡಿ ಹೇಳ್ತೀನಿ, ಆಸ್ಪತ್ರೆಗೆ ಹೋಗಿರಿ" ಎಂದು ಅವರನ್ನು ಕಳಿಸಿದೆ.

ಡ್ರಾಯರಿನ ತಳದಲ್ಲಿದ್ದ ಬಿಸ್ಕತ್ ಡಬ್ಬಿ ತೆಗೆದೆ. ದಾರ ಕಟ್ಟಿದ ಕಟ್ಟುಗಳು, ಒಂದೊಂದು ಹಾಳೆಯ ನಡುವೆಯೂ ತೂತು. ಗುರುವಾರದ ಹಾಳೆಗಳನ್ನಷ್ಟೇ ತಿರುವುತ್ತಾ ಹೋದೆ. ಸಿಗದಿರಲಿ ಎಂದು ಮನಸ್ಸು ಬೇಡುತ್ತಿತ್ತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಸಿಕ್ಕಿತು. ನನ್ನದೇ ಅಕ್ಷರ. 'ಹೌದು' ಎಂಬುದರ ಕೆಳಗೆ ನಾನೇ ಎಳೆದ ಗೆರೆ.

ಆಗ ನನಗೆ ಸೇವೆ ಉಳಿದಿದ್ದದ್ದು ಆರು ತಿಂಗಳು. ಈ ಚೀಟಿ ಹೊರಗೆ ಬಂದರೆ ವಿಚಾರಣೆ, ನಿವೃತ್ತಿಯ ಹಣಕ್ಕೆ ತಡೆ, ಮೂವತ್ತನಾಲ್ಕು ವರ್ಷದ ಕೊನೆಗೊಂದು ಕಪ್ಪು ಗುರುತು. ಚೀಟಿ ಇರುವುದು ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಹಾಕಿಕೊಂಡೆ. ಮಧ್ಯಾಹ್ನದವರೆಗೆ ಅಲ್ಲೇ ಇತ್ತು. ಆ ಎರಡು ಗಂಟೆಯ ಬಗ್ಗೆ ನಾನು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ. ಬೇರೆಯವರ ಪಾಲಿಸಿ ತುಂಬಿದೆ, ಮುಗುಳ್ನಕ್ಕೆ, ಮೊಸರನ್ನದ ಡಬ್ಬಿ ತೆರೆದು ಹಾಗೇ ಮುಚ್ಚಿದೆ.

ಒಂದೂಕಾಲಿಗೆ ಫೋನು ಬಂತು. ಸಣ್ಣ ದನಿ.

"ಮೇಡಂ, ಶಿವಗಂಗಾ ಮಾತಾಡ್ತಿರೋದು. ಒಂದು ವಿಷ್ಯ ಕೇಳ್ಬೇಕಿತ್ತು. ಅವತ್ತು ಕೊಡೆಗೆ ಅಂತ ವಾಪಸ್ ಬಂದಾಗ ನಿಮಗೆ ಹೇಳಿದ್ನಾ? ಇಲ್ಲ, ಹೇಳ್ಬೇಕು ಅಂದ್ಕೊಂಡು ಬಂದು ಹೇಳ್ದೆ ಹೋದ್ನಾ?"

ನನ್ನ ಕೈ ಪರ್ಸಿನ ಮೇಲೆ ಹೋಯಿತು.

"ಯಾಕ್ ಕೇಳ್ತಿದೀನಿ ಅಂದ್ರೆ, ಮದುವೆಗೆ ಮೊದ್ಲು ಫಿಟ್ಸ್ ಬಂದು ಹೋದ್ಮೇಲೆ ಮುಂಚೆ ಆಗಿದ್ದೆಲ್ಲ ಮರ್ತೋಗ್ತಿತ್ತು. ಈಗ ಎಲ್ರೂ ಸುಳ್ಳು ಹೇಳಿದೀಯ ಅಂತಿದಾರೆ. ನನಗೇ ಅನುಮಾನ ಬರ್ತಿದೆ ಮೇಡಂ. ತಲೇಲಿ ನಾನೇ ಕಟ್ಕೊಂಡ್ನೇನೋ ಅಂತ. ಹೇಳಿಲ್ಲ ಅಂದ್ರೆ ಇಲ್ಲ ಅಂತ ಹೇಳ್ಬಿಡಿ, ಬೇಜಾರಿಲ್ಲ."

ಕಾಗದ ಆಕೆಯನ್ನು ಸುಳ್ಳಿ ಎಂದಿತ್ತು. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ತನ್ನ ತಲೆಯನ್ನೇ ತಾನು ನಂಬದ ಹಾಗೆ ನಾನು ಆಕೆಯನ್ನು ಮಾಡಿಟ್ಟಿದ್ದೆ. ನನಗೆ ಅಳು ಬಂತು.

"ಹೇಳಿದ್ರಿ" ಎಂದೆ. "ಹನ್ನೆರಡೂ ಕಾಲಿಗೆ ಬಂದ್ರಿ. ಮೆಂತ್ಯದ ಡಬ್ಬಿ ವಿಷ್ಯಾನೂ ಹೇಳಿದ್ರಿ. ಬರ್ಕೊಂಡಿರೋದು ನನ್ನ ಹತ್ರ ಇದೆ. ತಪ್ಪು ನನ್ನದು. ನೀವೇನೂ ಮರ್ತಿಲ್ಲ."

"ಸರಿ ಹಾಗಾದ್ರೆ" ಎಂದು ಫೋನು ಇಟ್ಟರು.

ಎರಡು ಗಂಟೆಗೆ ಪ್ರಸನ್ನರ ಮುಂದೆ ಚೀಟಿ ಇಟ್ಟೆ. ಅವರು ಎರಡು ಸಲ ಓದಿದರು, ತಿರುಗಿಸಿ ತಾರೀಖು ನೋಡಿದರು.

"ಮೇಡಂ, ಇದು ಪೆನ್ಸಿಲ್ಲು. ಇವತ್ತು ಬರೆದಿದ್ದು ಅಂತ ಯಾರು ಬೇಕಾದ್ರೂ ಅನ್ಬಹುದು. ಪಾಲಿಸಿ ಕಾಪಿ ಅವ್ರಿಗೆ ಹೋಗಿದೆ, ಓದ್ಬೇಕಿತ್ತು ಅಂತಾರೆ. ಇದ್ರಿಂದ ಅವ್ರಿಗೆ ಉಪಯೋಗ ಆಗುತ್ತೋ ಇಲ್ವೋ, ನಿಮಗಂತೂ ತೊಂದ್ರೆ ಗ್ಯಾರಂಟಿ."

"ಹಾಗಾದ್ರೆ ಚೀಟಿ ಜೊತೆ ನನ್ನ ಹೇಳಿಕೇನೂ ಕಳ್ಸೋಣ. ತನ್ನ ಕುತ್ತಿಗೆಗೆ ತಾನೇ ಸುಳ್ಳು ಹಗ್ಗ ಹಾಕ್ಕೊಳೋರು ಯಾರಿದಾರೆ?"

"ನಿಮಗೆ ಆರು ತಿಂಗಳಿದೆ ಮೇಡಂ."

"ಅವ್ರಿಗೆ ನಾಡಿದ್ದಿನವರೆಗೆ ಮಾತ್ರ ಇದೆ."

ಪ್ರಸನ್ನ ಕೆಟ್ಟವರಲ್ಲ. ಖಾಲಿ ಹಾಳೆ ತೆಗೆದು ನನ್ನ ಕಡೆ ತಳ್ಳಿದರು. ಅರ್ಜಿದಾರರು ಸತ್ಯವನ್ನೇ ಹೇಳಿದ್ದಾರೆ, ತುಂಬಿದ ನಾನು ತಪ್ಪು ಮಾಡಿದ್ದೇನೆ, ಮುಂಚೆಯೇ ಒಟಿಪಿ ಪಡೆದು ಆಮೇಲೆ ತಿದ್ದುವುದು ನನ್ನ ಪದ್ಧತಿಯಾಗಿತ್ತು, ಅದು ನಿಯಮಕ್ಕೆ ವಿರುದ್ಧ ಎಂದು ಗೊತ್ತಿದ್ದೂ ಮಾಡಿದೆ ಎಂದು ಬರೆದೆ. ತಿರಸ್ಕಾರದ ಪತ್ರದಲ್ಲಿರುವ 'ಸುಳ್ಳು ಮಾಹಿತಿ' ಎಂಬ ಮಾತನ್ನು ಬರಹದಲ್ಲೇ ವಾಪಸ್ ಪಡೆಯಬೇಕು ಎಂದೂ ಸೇರಿಸಿದೆ. ಸಹಿ ಹಾಕುವಾಗ ಗಡಿಯಾರ ನೋಡಿದೆ. ಬುಧವಾರದ ರಾಹುಕಾಲ ಮುಗಿದು ಒಂದು ಗಂಟೆಯಾಗಿತ್ತು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕಣ್ಣು ಹೋಗಿಯೇ ಹೋಗುತ್ತದೆ. ಪ್ರಸನ್ನ ತಮ್ಮ ಶಿಫಾರಸಿನ ಜೊತೆ ಅದನ್ನು ಆಗಲೇ ಕಳಿಸಿದರು.

ಗುರುವಾರವೆಲ್ಲ ಉತ್ತರವಿಲ್ಲ. ಕ್ಲೇಮ್ ವಿಭಾಗಕ್ಕೆ ನಾನು ಫೋನು ಮಾಡಿದೆ, ಪ್ರಸನ್ನ ಮಾಡಿದರು. ಪರಿಶೀಲನೆಯಲ್ಲಿದೆ ಎಂಬ ಒಂದೇ ಮಾತು. ಅದೇ ಮಾತನ್ನು ನಾನು ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಹೇಳಿದ್ದೆ ಎಂದು ಅವತ್ತು ಗೊತ್ತಾಯಿತು. ಪ್ರಸನ್ನರ ಪತ್ರ ತೋರಿಸಿ ಬಸವರಾಜು ನರ್ಸಿಂಗ್ ಹೋಮಿನವರಿಂದ ಮರುದಿನ ಬೆಳಿಗ್ಗೆವರೆಗೆ ಅವಕಾಶ ಕೇಳಿಕೊಂಡರು. ಶುಕ್ರವಾರ ರಜೆ ಹಾಕಿ ನಾನು ಒಂಬತ್ತಕ್ಕೆ ಅಲ್ಲಿಗೆ ಹೋದೆ. ಆಪರೇಷನ್ ಥಿಯೇಟರ್ ಹನ್ನೊಂದಕ್ಕೆ ಗೊತ್ತಾಗಿತ್ತು. ಒಪ್ಪಿಗೆ ಬಂದರೆ ಒಳಗೆ, ಬರದಿದ್ದರೆ ಆ ಜಾಗ ಬೇರೆಯವರಿಗೆ.

ವಾರ್ಡಿನ ಹೊರಗೆ ಪಾರ್ವತಮ್ಮ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿ ಪಕ್ಕದಲ್ಲಿ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಸೊಸೆ ನನಗೆ ಹೇಳಿದ್ದರು, ನಾನೇ ಬರೆಯಲಿಲ್ಲ ಎಂದೆ.

"ನಿಮಗೆ ಹೇಳಿದ್ಲು" ಎಂದರು ಪಾರ್ವತಮ್ಮ. "ನನಗೆ ಹೇಳ್ಲಿಲ್ಲ. ಹನ್ನೊಂದು ವರ್ಷ ಒಂದೇ ಅಡಿಗೆಮನೇಲಿ ಇದೀವಿ."

ಮತ್ತೆ ಅವರೇ ಕೇಳಿದರು. "ಅವತ್ತು ಕೊಡೆ ಮರ್ತಿದ್ದು ಅದಕ್ಕೇನಾ?"

"ಹೌದು."

"ಬೈದಿದ್ದೆ ನಾನು. ಹೊಸ ಕೊಡೆ, ಹೋಗಿ ತಗೊಂಡ್ ಬಾ ಅಂತ ಆ ಬಿಸಿಲಲ್ಲಿ ಕಳ್ಸಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನ ಕಂಡ್ರೆ ಅಷ್ಟು ಭಯಾನಾ ಅವಳಿಗೆ?" ಎದ್ದು ಒಳಗೆ ಹೋದರು. ಬಾಗಿಲ ಸಂದಿಯಿಂದ ನೋಡಿದೆ. ಸೊಸೆಯ ಬಿಚ್ಚಿಹೋಗಿದ್ದ ಜಡೆಯನ್ನು ಮತ್ತೆ ಹೆಣೆಯುತ್ತಾ ಕೂತರು.

ಹತ್ತೂವರೆ ಆಯಿತು. ಹತ್ತು ನಲವತ್ತು. ಬಸವರಾಜು ಕೌಂಟರಿನ ಮುಂದಿನಿಂದ ಅಲ್ಲಾಡಲಿಲ್ಲ. ಹತ್ತು ನಲವತ್ತೇಳಕ್ಕೆ ಪ್ರಸನ್ನರ ಫೋನು ಬಂತು. ಒಪ್ಪಿಗೆ ಸಿಕ್ಕಿದೆ, ಮೇಲ್ ಕಳಿಸಿದ್ದಾರೆ, ಷರತ್ತು ಇದೆ. ನವೀಕರಣದ ಸಮಯದಲ್ಲಿ ಫಿಟ್ಸ್ ವಿಷಯ ಸೇರಿಸಿ ಹೊಸದಾಗಿ ಅರ್ಜಿ ಕೊಡಬೇಕು. ನನ್ನ ಮೇಲೆ ವಿಚಾರಣೆ ನಡೆಯುತ್ತದೆ. ವಿಚಾರಣೆಯ ಮಾತನ್ನು ಆಗ ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ಸ್ಟ್ರೆಚರ್ ಬಂತು. ಬಸವರಾಜು ಗಡಿಯಾರ ನೋಡಿ, ತಾಯಿಯ ಮುಖ ನೋಡಿದರು. "ಅಮ್ಮಾ, ಈಗ..." ಎಂದು ತಡವರಿಸಿದರು. ರಾಹುಕಾಲದ ನಟ್ಟ ನಡುವೆ ಅದು.

"ಏನು ನಿಂತ್ಕೊಂಡು ನೋಡ್ತೀಯ? ಕರ್ಕೊಂಡೋಗೋಕೆ ಹೇಳು" ಎಂದರು ಪಾರ್ವತಮ್ಮ.

ಎರಡೂವರೆ ಗಂಟೆ ಹಿಡಿಯಿತು. ಆಪರೇಷನ್ ಚೆನ್ನಾಗಿ ಆಯಿತು.

ವಿಚಾರಣೆಯೂ ಆಯಿತು. ಒಂದು ವಾರ್ಷಿಕ ವೇತನ ಬಡ್ತಿ ಕತ್ತರಿಸಿದರು, ನಿವೃತ್ತಿಯ ಹಣ ಕೈಗೆ ಬರುವುದು ತಡವಾಯಿತು. ಮಾಡಿದ್ದಕ್ಕೆ ಅದು ಜಾಸ್ತಿ ಎಂದು ನನಗೆ ಅನ್ನಿಸಲಿಲ್ಲ. 'ಸುಳ್ಳು ಮಾಹಿತಿ' ಎಂಬ ಮಾತನ್ನು ವಾಪಸ್ ಪಡೆದ ಪತ್ರ ಎರಡು ತಿಂಗಳಾದ ಮೇಲೆ, ನಾಲ್ಕು ಸಲ ನೆನಪು ಮಾಡಿಸಿದ ಮೇಲೆ ಬಂತು. ಆ ಪತ್ರವನ್ನು ನಾನೇ ಹೋಗಿ ಶಿವಗಂಗಾ ಅವರ ಕೈಗೆ ಕೊಟ್ಟು ಬಂದೆ.

ನಿವೃತ್ತಿಗೆ ಎರಡು ವಾರ ಇದ್ದಾಗ, ಒಂದು ಶುಕ್ರವಾರ, ಹತ್ತೂವರೆಯ ಜಾತ್ರೆ ಮುಗಿದು ನಾನು ಕಾಫಿ ಲೋಟ ತೊಳೆಯುತ್ತಿದ್ದೆ. ಅತ್ತೆ ಸೊಸೆ ಇಬ್ಬರೂ ಒಳಗೆ ಬಂದರು. ನವೀಕರಣಕ್ಕೆ. ಶಿವಗಂಗಾ ಅವರ ಕೆನ್ನೆಗೆ ಬಣ್ಣ ಬಂದಿತ್ತು. ನಾನು ಗಡಿಯಾರ ನೋಡಿದೆ, ಹನ್ನೊಂದಾಗಿತ್ತು.

"ಹನ್ನೆರಡು ಗಂಟೆ ಮೇಲೆ ಮಾಡೋಣ್ವಾ ಅಮ್ಮ? ಕೂತಿರಿ, ತೊಂದ್ರೆ ಇಲ್ಲ" ಎಂದೆ.

"ಬೇಡ, ಬೇಕು ಅಂತಾನೇ ಈಗ ಬಂದಿದೀವಿ" ಎಂದರು ಪಾರ್ವತಮ್ಮ, ಕುರ್ಚಿ ಎಳೆದುಕೊಂಡು. "ಆವಾಗ ಬಂದ್ರೆ ನಿಮಗೆ ಗಡಿಬಿಡಿ. ಈಗ ಯಾರೂ ಇರಲ್ಲ. ನಿಧಾನವಾಗಿ ಕೇಳಿ, ನಿಧಾನವಾಗಿ ಬರ್ಕೊಳಿ."

ಹೊಸ ಅರ್ಜಿ ತೆರೆದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಕಾಯಿಲೆಯ ಪುಟ ಬಂತು, ಎಲ್ಲ ಸಾಲಿನಲ್ಲೂ 'ಇಲ್ಲ' ಎಂದು ಮೊದಲೇ ಗುರುತು. ಶಿವಗಂಗಾ ಅವರ ಮುಖ ನೋಡಿ, ಗೌಡರು ಕಲಿಸಿದ ಹಾಗೆಯೇ ಕೇಳಿದೆ.

"ಬೆಳಿಗ್ಗೆ ಎದ್ದು ಏನು ನುಂಗ್ತೀರಾ?"

ಶಿವಗಂಗಾ ಬಾಯಿ ತೆರೆಯುವಷ್ಟರಲ್ಲಿ ಪಾರ್ವತಮ್ಮ ಬಟ್ಟೆಚೀಲದಿಂದ ಮಾತ್ರೆಯ ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ತಿಂಡಿ ಆದ್ಮೇಲೆ ಒಂದು, ರಾತ್ರಿ ಊಟ ಆದ್ಮೇಲೆ ಒಂದು. ಮೆಂತ್ಯದ ಡಬ್ಬೀಲಿ ಈಗ ಮೆಂತ್ಯ ಮಾತ್ರ ಇದೆ. ಇದನ್ನ ನಾನೇ ಕೊಡ್ತೀನಿ. ಬರ್ಕೊಳಿ."

'ಹೌದು' ಎಂದು ಒತ್ತಿದೆ. ಪೂರ್ತಿ ಅರ್ಜಿಯನ್ನು ಇನ್ನೊಮ್ಮೆ ಓದಿ ಹೇಳಿದ ಮೇಲೆ ಒಟಿಪಿ ಕೇಳಿದೆ. ಹನ್ನೊಂದು ಇಪ್ಪತ್ತಕ್ಕೆ ಅರ್ಜಿ ಒಳಗೆ ಹೋಯಿತು. ಹೋಗುವಾಗ ಪಾರ್ವತಮ್ಮ ಬಾಗಿಲಿನ ತನಕ ಹೋಗಿ, ತಿರುಗಿ ಬಂದು, ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಕೊಡೆ ತೆಗೆದುಕೊಂಡು ಹೋದರು.